ಎಮ್ಮೆಯ ಕಥೆಗೊಂದು ಹೂಂ

ಜನವರಿ ೯, ೨೦೦೬

ಇವರು ಗುಮಾಸ್ತರಾಗಿರುವ ದಲಾಲಿ ಅಂಗಡಿಯಿಂದ ಹೊಸ ವರ್ಷದ ಡೈರಿ ಬಂದಿದೆ. ರಟ್ಟಿನ ಮೇಲೆ ಮೆಣಸಿನಕಾಯಿಯ ಚಿತ್ರ, ಒಳಗೆ ಪ್ರತಿ ಪುಟದ ತಲೆಯ ಮೇಲೆ ರಾಹುಕಾಲ. ಇವರು ಅದನ್ನು ತಮ್ಮ ಮಗಳಿಗೆ ಕೊಡಹೋದರು. ಅವಳು ಬೇಡವೆಂದಳು. ಹೀಗೆ ನನ್ನ ಪಾಲಿಗೆ ಬಂತು. ಕುಪ್ಪೇಲೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆಯೋ ಇಲ್ಲವೋ ನೋಡೋಣವೆಂದು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಇವತ್ತು ಸಂಜೆ ಹೇಳಹೊರಟ ಕಥೆಯೊಂದು ಗಂಟಲಲ್ಲೇ ಉಳಿದಿದೆ.

ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದೆ. ಸುಗ್ಗಿ ಬಂತೆಂದರೆ ಬ್ಯಾಡಗಿಯಲ್ಲಿ ಯಾವ ಮನೆಗೆ ಹೋದರೂ ಇದೇ ಕೆಲಸ. ಇವರ ಮಗಳು ಶ್ರೀದೇವಿ ಎದುರಿನ ಗೋಡೆಗೆ ಒರಗಿ, ಗ್ರಂಥಾಲಯದಿಂದ ತಂದ ಕಾದಂಬರಿಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ನಾನು ಎಮ್ಮೆಯ ಕಥೆ ತೆಗೆದೆ.

“ಒಂದೂರಾಗ ಒಬ್ಬಾಕಿ ತಾಯಿ ಇಲ್ಲದ ಹುಡುಗಿ ಇದ್ಲು. ಅವರ ಮನಿಯೊಳಗ ಒಂದು ಕೆಟ್ಟ ಎಮ್ಮಿ ಇತ್ತು.”

ನಿಲ್ಲಿಸಿ ಕಾದೆ. ಹೂಂ ಬರಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಪುಟ ತಿರುವಿದ ಸಪ್ಪಳವಷ್ಟೇ ಬಂತು.

ಕೇಳುವವರು ಹೂಂ ಅನ್ನದೆ ಕಥೆ ಮುಂದೆ ಹೋಗುವುದಿಲ್ಲ. ನನಗೆ ಕಥೆ ಕಲಿಸಿದ ನನ್ನಜ್ಜಿ, ಒಂದು ಹೂಂ ತಪ್ಪಿದರೆ ರಾಜನನ್ನು ಕುದುರೆಯ ಮೇಲೆ, ರಾಣಿಯನ್ನು ಬಾವಿಯ ಕಟ್ಟೆಯ ಮೇಲೆ ಹಾಗೆಯೇ ಬಿಟ್ಟು ಮಗ್ಗಲು ಬದಲಿಸಿಬಿಡುತ್ತಿದ್ದಳು. ರಾಣಿ ಬಾವಿಗೆ ಬಿದ್ದಾಳೆಂಬ ಹೆದರಿಕೆಗೆ ನಾವು ಮಕ್ಕಳು ಸರದಿಯ ಮೇಲೆ ಎಚ್ಚರವಿದ್ದು ಹೂಂ ಅನ್ನುತ್ತಿದ್ದೆವು.

ಏಳು ವರ್ಷದ ಹಿಂದೆ ನಾನು ಎರಡನೆಯವಳಾಗಿ ಈ ಮನೆಗೆ ಬಂದಾಗ ಶ್ರೀದೇವಿಗೆ ಎಂಟು. ಅವಳನ್ನು ಹೆತ್ತ ಅಕ್ಕ, ಅಂದರೆ ಇವರ ಮೊದಲನೆಯವಳು, ತೀರಿಕೊಂಡು ಎರಡು ವರ್ಷವಾಗಿತ್ತು. ಹುಡುಗಿ ನನ್ನ ಹತ್ತಿರ ಸುಳಿಯಲಿಲ್ಲ. ಒಂದು ಸಂಜೆ ನಾನು ಯಾರಿಗೂ ಅಲ್ಲದಂತೆ, ಮೆಣಸಿನಕಾಯಿ ರಾಶಿಗೆ ಇದೇ ಎಮ್ಮೆಯ ಕಥೆ ಹೇಳತೊಡಗಿದೆ. ಸ್ವಲ್ಪ ಹೊತ್ತಿಗೆ ಒಳಕೋಣೆಯ ಪರದೆಯ ಹಿಂದಿನಿಂದ ಸಣ್ಣದೊಂದು ಹೂಂ ಬಂತು. ಆಮೇಲೆ ಚಿಗವ್ವ ಎಂದು ಕರೆದದ್ದು, ತಲೆ ಬಾಚಿಸಿಕೊಂಡದ್ದು ಎಲ್ಲ ಆ ಹೂಂನ ಬೆನ್ನ ಹಿಂದೆ ಬಂದವು.

ಈ ದೀಪಾವಳಿಗೆ ಕರ್ಜಗಿಯ ಆಯಿಯ ಮನೆಗೆ, ಅಂದರೆ ಅಕ್ಕನ ತಾಯಿ ಇರುವ ತವರಿಗೆ, ಹೋಗಿಬಂದಳಲ್ಲ, ಅಂದಿನಿಂದ ಅದು ನಿಂತಿದೆ. ಈಗ ಆಯಿ ಹೇಳಿ ಕಳಿಸಿದ್ದಾರೆ: ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಹುಡುಗಿ ಅವರಲ್ಲಿಯೇ ಇದ್ದು ಹಾವೇರಿಯ ಕಾಲೇಜಿಗೆ ಹೋಗಲಿ. ಇವರು ಹೌದೆಂದೂ ಅಂದಿಲ್ಲ, ಇಲ್ಲವೆಂದೂ ಅಂದಿಲ್ಲ.

ಹೋಗುವುದರೊಳಗೆ ಇವರ ಮಗಳ ಬಾಯಿಂದ ಒಂದು ಹೂಂ ಕೇಳಬೇಕು. ಇಷ್ಟೇ ನನ್ನ ಆಸೆ.

ಜನವರಿ ೧೩

ಅವಳು ಶಾಲೆಗೆ ಹೋದ ಮೇಲೆ ಆ ಕಾದಂಬರಿ ತೆಗೆದೆ. ನನ್ನ ಹೂಂ ಕದ್ದದ್ದು ಏನೆಂದು ನೋಡಬೇಕಿತ್ತು.

ಸಮುದ್ರದ ದಂಡೆಯ ಊರು. ಹದಿನಾಲ್ಕರ ಹುಡುಗಿ. ತಾಯಿ ಇಲ್ಲ, ತಂದೆ ಇನ್ನೊಂದು ಮದುವೆಯಾಗಿದ್ದಾನೆ. ಬಂದವಳು ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ಬೇವು. ಸತ್ತವಳ ಹಾರ್ಮೋನಿಯಂ ಅನ್ನು ಅಟ್ಟಕ್ಕೆ ಹಾಕಿಸುತ್ತಾಳೆ. ಅಷ್ಟು ಓದಿ ಸಿಟ್ಟು ಬಂದು ಪುಸ್ತಕ ಮುಚ್ಚಿ ಅಡಿಗೆಮನೆಗೆ ಹೋದೆ. ಈ ಮನೆಯಲ್ಲಿ ಅಕ್ಕನ ಫೋಟೋಕ್ಕೆ ದಿನವೂ ಹೂವು ಏರಿಸುವವಳು ಯಾರು? ಬರೆದವರು ಬಂದು ನೋಡಲಿ. ಪಾತ್ರೆಗಳನ್ನು ಎರಡೆರಡು ಸಲ ತೊಳೆದೆ. ಆಮೇಲೆ ತಿರುಗಿ ಬಂದೆ. ಆ ಹಾರ್ಮೋನಿಯಂ ಏನಾಯಿತೆಂದು ತಿಳಿಯಬೇಕಲ್ಲ.

ಹುಡುಗಿ ಅಟ್ಟ ಹತ್ತಿ ಅದರ ದೂಳು ಒರೆಸಿ, ಸಪ್ಪಳವಾಗದಂತೆ ಅದರ ಕರಿ-ಬಿಳಿ ಪಟ್ಟಿಗಳ ಮೇಲೆ ಬರೀ ಬೆರಳಾಡಿಸುತ್ತಾಳೆ. ಅಲ್ಲಿ ನನಗೆ ತಿಳಿಯದಂತೆ ಜೋರಾಗಿ ಹೂಂ ಅಂದುಬಿಟ್ಟೆ. ಪಕ್ಕದ ಮನೆಯ ರಮಜಾನಬಿ ಕಿಟಕಿಯಿಂದ, “ಯಾರ ಬಂದಾರ ನೀಲವ್ವ ಮನಿಗೆ?” ಎಂದು ಕೇಳಿದಳು.

“ಯಾರೂ ಇಲ್ಲ” ಅಂದೆ.

“ಮತ್ತ ಹೂಂ ಅಂದಿ?”

“ಬೆಕ್ಕಿಗೆ.”

ಪುಸ್ತಕದ ಸೊಕ್ಕು ನೋಡಬೇಕು. ಹೂಂ ಅಂದರೂ ಅಷ್ಟೇ, ಅನ್ನದಿದ್ದರೂ ಅಷ್ಟೇ. ತನ್ನ ಪಾಡಿಗೆ ತಾನು ಹೋಗುತ್ತಲೇ ಇರುತ್ತದೆ.

ಜನವರಿ ೨೫

ಇವರ ಮಗಳು ಅದನ್ನು ವಾಪಸು ಕೊಟ್ಟುಬಿಟ್ಟಿದ್ದಾಳೆ! ಅಟ್ಟದ ಮೇಲೆ ಸಿಕ್ಕಿಬಿದ್ದ ಹುಡುಗಿಯನ್ನು ನಾನು ಅಲ್ಲಿಯೇ ಬಿಟ್ಟಿದ್ದೆ. ಎರಡು ದಿನ ಅನ್ನ ಸೇರಲಿಲ್ಲ. ಇವತ್ತು ಸಂತೆಯ ಚೀಲ ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋದೆ.

ಅಲ್ಲಿ ಶಮಶೇರಸಾಬರು ಕನ್ನಡಕ ಹಣೆಗೇರಿಸಿ ಕೂತಿದ್ದರು. ನನ್ನನ್ನು ಬಲ್ಲವರು.

“ಬರ್ರಿ ನೀಲಗಂಗವ್ವಾರ. ಮಗಳ ಪುಸ್ತಕ ತಂದೀರೇನು?”

“ಆಕಿ ಕೊಟ್ಟದ್ದ ಹೊಳ್ಳಿ ಬೇಕ್ರಿ. ಸಮುದ್ರದ್ದು.”

“ಆಕಿನ್ನೂ ಓದಿಲ್ಲೇನು?”

“ಆಕಿ ಓದ್ಯಾಳ್ರಿ” ಎಂದು ತಡವರಿಸಿದೆ. ಅವರು ನಕ್ಕು ಏನೂ ಕೇಳದೆ ಕಪಾಟು ತೋರಿಸಿದರು. ಅದರ ಮೇಲೆ ‘ಕಿಶೋರ ಸಾಹಿತ್ಯ’ ಎಂದು ಚೀಟಿ ಅಂಟಿಸಿತ್ತು.

“ಕಿಶೋರ ಅಂದ್ರ ಎಷ್ಟ ವಯಸ್ಸಿನವ್ರು ಸಾಬ್ರ?”

“ಹದಿಮೂರು ಹದಿನಾಲ್ಕರಿಂದ ಹಿಡದು, ಹದಿನೆಂಟು ಹತ್ತೊಂಬತ್ತರ ತನಕ ಅನ್ರಿ.”

“ನಮ್ಮೂರಾಗ ಅದು ಇರಲಿಲ್ಲ ಬಿಡ್ರಿ. ಸಂಜೀ ಮಟ ಹುಡುಗ್ಯಾರಿದ್ವಿ, ಮುಂಜಾನೆ ಎದ್ದ ಕೂಡ್ಲೇ ಹೆಂಗಸರಾಗಿದ್ವಿ.”

ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ದಾರಿಯುದ್ದಕ್ಕೂ ಆ ನಗು ಯಾಕೋ ಎದೆಗೆ ಒತ್ತುತ್ತಿತ್ತು.

ಫೆಬ್ರುವರಿ ೬

ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ರಾಣೇಬೆನ್ನೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕುಪ್ಪೇಲೂರಿನ ಬಸ್ಸು ಬಂದು ನಿಂತಿತು. ಕಾಲೇಜಿನ ಹುಡುಗಿಯರು ಎದೆಗೆ ಪುಸ್ತಕ ಅವುಚಿಕೊಂಡು ಇಳಿದರು. ಒಬ್ಬಳ ಚಪ್ಪಲಿ ಕಿತ್ತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು, ಏನೋ ಗೆದ್ದವಳ ಹಾಗೆ ನಗುತ್ತ ನಡೆದಳು.

ಹತ್ತನೆಯದು ಪಾಸಾದ ವರ್ಷ ನಾನೂ ಈ ಬಸ್ಸಿಗೆ ಕಾದಿದ್ದೆ. ಕಾಲೇಜಿಗೆ ಹೆಸರು ಹಚ್ಚಲು ಅಪ್ಪ ಬರುವೆನೆಂದಿದ್ದ. ಆ ವಾರವೇ ಹಾಸಿಗೆ ಹಿಡಿದ. ಬಸ್ಸು ಬಂತು; ಕಂಡಕ್ಟರ್ ನನ್ನ ಕಡೆ ನೋಡಿ, ಸೀಟಿ ಊದಿ ಹೋದ. ಆಮೇಲೆ ಹನ್ನೆರಡು ವರ್ಷ ಅಪ್ಪನ ಮಂಚದ ಕಾಲಿಗೆ ನಾನೂ ಒಂದು ಕಾಲಾಗಿದ್ದೆ. ಅಪ್ಪನ ಮೇಲೆ ಸಿಟ್ಟಿಲ್ಲ. ಆದರೂ ಆ ಬಸ್ಸು ನನ್ನೊಳಗೆ ಇನ್ನೂ ಓಡುತ್ತಿದೆ ಎಂದು ಗೊತ್ತಿರಲಿಲ್ಲ.

ಈ ಕಾದಂಬರಿಗಳ ಹುಡುಗಿಯರು ಸುಮ್ಮನೆ ಬಸ್ಸು ಹತ್ತುತ್ತಾರೆ. ಹತ್ತಿದ ಮೇಲೆ ಎಲ್ಲಿಗೆ ಹೋಗುವುದೆಂದು ಯೋಚಿಸುತ್ತಾರೆ. ಓದಿದಾಗ, ಎಂಥ ಹುಚ್ಚಿಯರು ಅನ್ನಿಸುತ್ತದೆ. ಆಮೇಲೆ ಆ ಪುಟವನ್ನೇ ಮತ್ತೆ ಓದುತ್ತೇನೆ.

ಫೆಬ್ರುವರಿ ೧೧

ಇದು ನಾಲ್ಕನೆಯ ಪುಸ್ತಕವಿರಬೇಕು. ಶ್ರೀದೇವಿ ತಂದು ಬಚ್ಚಿಡುವುದು, ಅವಳು ಶಾಲೆಗೆ ಹೋದ ಮೇಲೆ ನಾನು ತೆಗೆಯುವುದು.

ಒಂದು ವಿಷಯ ಕಂಡುಹಿಡಿದಿದ್ದೇನೆ. ಪ್ರತಿ ಕಾದಂಬರಿಯಲ್ಲೂ ಹುಡುಗಿಗೆ ದುಃಖವಾದಾಗ ತನ್ನ ಕೋಣೆಗೆ ಓಡಿ ಧಡಾರನೆ ಬಾಗಿಲು ಹಾಕಿಕೊಳ್ಳುತ್ತಾಳೆ. ಮೊದಲು ನಗು ಬಂತು. ನಮ್ಮಲ್ಲಿ ಧಡಾರನೆ ಹಾಕಲು ಬೀದಿಬಾಗಿಲೊಂದೇ ಇದೆ. ಶ್ರೀದೇವಿಯ ಮೂಲೆಗೆ ನನ್ನ ಹಳೆಯ ಸೀರೆಯ ಪರದೆ. ಪರದೆಯನ್ನು ಧಡಾರನೆ ಹಾಕುವುದು ಹೇಗೆ? ಸಿಟ್ಟಿನಿಂದ ಎಳೆದರೂ ಅದು ಮೆತ್ತಗೆ ಜೋತುಬೀಳುತ್ತದೆ.

ಆಮೇಲೆ ನಗು ಹೋಯಿತು. ಅವಳು ಪುಸ್ತಕವನ್ನು ಯಾಕೆ ಮುಖಕ್ಕೆ ಅಡ್ಡ ಹಿಡಿಯುತ್ತಾಳೆ ಎಂದು ಹೊಳೆಯಿತು. ಅವಳ ಬಾಗಿಲು ಅದೊಂದೇ.

ಫೆಬ್ರುವರಿ ೨೦

ಸಿಕ್ಕಿಬಿದ್ದೆ. ಸಿಕ್ಕಿಸಿದ್ದು ಮೆಣಸಿನಕಾಯಿ.

ಸಂಜೆ ಶ್ರೀದೇವಿ ಹೊಸ ಕಾದಂಬರಿ ಬಿಚ್ಚಿದಳು. ಸೀನಿದಳು. ಪುಟ ತಿರುವಿದಳು, ಮತ್ತೆ ಸೀನಿದಳು. ಮೂರನೆಯ ಸೀನಿಗೆ ಪುಸ್ತಕವನ್ನು ಬೆಳಕಿಗೆ ಹಿಡಿದಳು. ಮೂಲೆಮೂಲೆಗೂ ಕೆಂಪು ಬೆರಳಗುರುತು. ನನ್ನ ಕೈ ನೋಡಿದಳು. ನಾನು ಸೆರಗಿನಲ್ಲಿ ಮುಚ್ಚಿಕೊಂಡೆ.

“ಶಮಶೇರಸಾಬ್ರು ಹೇಳಿದ್ರು, ‘ಏನವ್ವ, ಈ ಕಪಾಟಿನ ಪುಸ್ತಕ ಒಯ್ದ ಹುಡುಗ್ಯಾರೆಲ್ಲಾ ಸೀನಕೋತ ಬರಾಕತ್ತಾರ’ ಅಂತ. ನೀನೇನು?”

“ಸುಮ್ನ... ನೋಡಿದ್ನಿ.”

“ಎಲ್ಲಾ ಪುಸ್ತಕಾನೂ?”

ಅವಳ ಕಣ್ಣು ತುಂಬಿದವು. ಘಾಟಿಗೋ ಸಿಟ್ಟಿಗೋ, ದೇವರೇ ಬಲ್ಲ.

“ಇದೊಂದು ಜಾಗಾ ಇತ್ತು ನನಗ. ಅಲ್ಲಿಗೂ ಬಂದ್ಯಾ ಚಿಗವ್ವ?”

ಪರದೆ ಎಳೆದುಕೊಂಡಳು. ಅದು ಮೆತ್ತಗೆ ಜೋತುಬಿತ್ತು.

ಫೆಬ್ರುವರಿ ೨೧

ಓದಲಿಲ್ಲ.

ಮಾರ್ಚ್ ೯

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇವರಿಗೆ ಹೇಳಿದೆ, ಶ್ರೀದೇವಿಯ ಮೂಲೆಗೊಂದು ಬಾಗಿಲು ಮಾಡಿಸಬೇಕೆಂದು.

“ಮನಿಯೊಳಗ ಬಾಗಲಾ ಯಾತಕ್ಕ? ಆಕೀನ ಯಾರು ಹೊತ್ಕೊಂಡು ಹೊಂಟಾರ?”

“ಹಾಕ್ಕೊಳ್ಳಾಕರಿ.”

“ಏನನ್ನ?”

“ಬಾಗಲಾನ.”

ಇವರು ಚಹದ ಬಟ್ಟಲು ಹಿಡಿದುಕೊಂಡು ನನ್ನನ್ನೇ ನೋಡಿದರು. “ಆಕಿ ಜೂನ್‌ದಾಗ ಕರ್ಜಗಿಗೆ ಹೋದ್ರ?”

“ಹೋದ್ರ ಹೋಗ್ಲಿ. ಪರೀಕ್ಷಾಕ್ಕ ಓದಾಕರ ಆದೀತು.”

ಬಡಿಗೇರ ಅಂದಾನೆಪ್ಪ ಬಂದು ಅಳತೆ ತೆಗೆದುಕೊಂಡು ಹೋದ. ಹೋಗುವಾಗ ಅವನೂ ಕೇಳಿದ, “ಚಿಲಕಾ ಒಳಗೋ ಹೊರಗೋ?”

“ಒಳಗ” ಅಂದೆ. “ಹೊರಗ ಬ್ಯಾಡ.”

ಪರದೆಯ ಹಿಂದೆ ಪುಟ ತಿರುವುತ್ತಿದ್ದ ಸಪ್ಪಳ ನಿಂತಿತ್ತು.

ಮಾರ್ಚ್ ೧೯

ಬಾಗಿಲು ಬಂತು. ಹೊಸ ಕಟ್ಟಿಗೆಯ ವಾಸನೆ ಮೆಣಸಿನಕಾಯಿಯ ಘಾಟನ್ನೂ ಹಿಂದಕ್ಕೆ ಹಾಕಿದೆ. ಸಿರಿ (ಮೊದಲೆಲ್ಲ ಶ್ರೀದೇವಿಯನ್ನು ಹೀಗೇ ಕರೆಯುತ್ತಿದ್ದೆ) ಒಳಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಹಾಕಿದಳು, ತೆಗೆದಳು. ಆಮೇಲೆ ಬಾಗಿಲನ್ನು ತೆರೆದೇ ಇಟ್ಟುಕೊಂಡು ಗಣಿತ ಮಾಡುತ್ತ ಕೂತಳು.

ಮಾರ್ಚ್ ೨೪

ಶಾಲೆಗೆ ಹೊರಟವಳು ಹೊಸಿಲಿನಿಂದ ತಿರುಗಿ ಬಂದು, ಮೆಣಸಿನಕಾಯಿ ಚೀಲದ ಮೇಲೆ ಒಂದು ಪುಸ್ತಕ ಇಟ್ಟಳು. ಪೇಪರಿನ ಹೊದಿಕೆ ಹಾಕಿತ್ತು.

“ಪರೀಕ್ಷಾ ಮುಗಿಯೂ ಮಟ ನಾ ಓದಂಗಿಲ್ಲ. ನೀ ಓದು. ಕೈ ತೊಕ್ಕೊಂಡು ಓದು.”

ಕೈ ತೊಳೆದೆ. ಸೀಗೆಪುಡಿ ಹಚ್ಚಿ ತೊಳೆದೆ. ಕಡಲೆಹಿಟ್ಟು ಹಚ್ಚಿ ತೊಳೆದೆ. ಬ್ಯಾಡಗಿಯ ಬಣ್ಣ ಅಷ್ಟು ಸಲೀಸಾಗಿ ಬಿಡುವುದೇ? ಕೊನೆಗೆ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಸುತ್ತಿಕೊಂಡು ಪುಟ ತಿರುವಿದೆ. ರಮಜಾನಬಿ ನೋಡಿ, ಇವರ ಹೆಸರು ಹಿಡಿದು, “ಕೊಟ್ರೇಶಪ್ಪನ ಹೆಂಡ್ತಿಗೆ ದವಾಖಾನಿ ಡಾಕ್ಟರಿಣಿ ಆಗೋ ಹುಚ್ಚು ಹಿಡದೈತಿ” ಎಂದು ಓಣಿಗೆಲ್ಲ ಸಾರಿದಳು.

ಏಪ್ರಿಲ್ ೧೬

ಪರೀಕ್ಷೆ ಮುಗಿದಿದೆ. ಎಷ್ಟೋ ತಿಂಗಳ ಮೇಲೆ ಸಿರಿ ತಾನಾಗಿಯೇ ನನ್ನ ಎದುರು ಕೂತು ತೊಟ್ಟು ಬಿಡಿಸತೊಡಗಿದಳು. ನಾನು ಕಥೆ ತೆಗೆಯಲಿಲ್ಲ. ತೆಗೆದರೆ ಹಕ್ಕಿ ಹಾರೀತೆಂದು ಹೆದರಿಕೆ.

“ಚಿಗವ್ವ, ಸಮುದ್ರದ ಕಾದಂಬರಿ ನೀ ಪೂರ್ತಿ ಓದೀಯೇನು? ಹಾರ್ಮೋನಿಯಂ ಅಟ್ಟಕ್ಕ ಹಾಕಸ್ತಾಳಲ್ಲ, ಆಕಿ ಬಗ್ಗೆ ಏನನಸ್ತು?”

“ಮೊದ್ಲು ಸಿಟ್ಟು ಬಂತು. ಆಮ್ಯಾಲೆ ಪಾಪ ಅನಸ್ತು.”

“ಯಾಕ?”

“ಆ ಮನಿಯೊಳಗ ಎಲ್ಲಾರಿಗೂ ನೆನಪದಾವ. ಆಕಿಗೊಬ್ಬಾಕಿಗೇ ಇಲ್ಲ. ಯಾವ ಸಾಮಾನು ಮುಟ್ಟಿದ್ರೂ ಅದು ಆಕಿದಲ್ಲ.”

ಸಿರಿ ಇನ್ನೊಂದು ಹಿಡಿ ಕಾಯಿಯ ತೊಟ್ಟು ಬಿಡಿಸಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

“ನಿನ್ನ ಕಥಿಯೊಳಗಿನ ಎಮ್ಮಿ, ‘ಜರಡಿಯೊಳಗ ನೀರು ತಾ’ ಅಂತ ಹುಡುಗೀಗೆ ಹೆಂಗ ಹೇಳ್ತೈತಿ?”

ನನ್ನ ಕೈ ನಿಂತಿತು. “ಕಥಿಯೊಳಗ ಎಮ್ಮಿ ಮಾತಾಡ್ತಾವ.”

“ಸೀರೀನೂ ಉಡ್ತಾವೇನು? ನಿನ್ನ ಎಮ್ಮಿ ಸೀರಿ ಉಟ್ಟಿತ್ತು. ಸಂತಿಗೆ ಹೋಗಿ ಬಳಿ ಇಡಿಸ್ಕೊಂಡು ಬಂದಿತ್ತು. ಹುಡುಗಿ ಅಪ್ಪನ ಕಿವಿಯಾಗ ಚಾಡಿ ಹೇಳಿತ್ತು. ಏಳು ವರ್ಷ ನಾ ಅದಕ್ಕೆಲ್ಲಾ ಹೂಂ ಅಂದೆ!”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ದೀಪಾವಳಿಗೆ ಕರ್ಜಗಿಯಲ್ಲಿ ಮಾವನ ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಎಮ್ಮೆಯ ಕಥೆ ಹೇಳಿದಳಂತೆ. ಬಳೆ ಇಡಿಸಿಕೊಳ್ಳುವಲ್ಲಿಗೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ‘ಎಮ್ಮಿ ಕಾಲಿಗೆ ಯಾ ಅಳತಿ ಬಳಿ?’ ಎಂದು ಈಗಲೂ ಕಾಡುತ್ತಾರಂತೆ. ಆಗ ಆಯಿ ಒಳಗಿನಿಂದ ಬಂದು ಹೇಳಿದರಂತೆ: ‘ಅದು ಎಮ್ಮಿ ಅಲ್ಲವ್ವ, ಮಲತಾಯಿ. ನಿಮ್ಮ ಚಿಗವ್ವ ತನ್ನನ್ನ ತಾನು ಕಥಿಯಿಂದ ಹೊರಗ ಹಾಕ್ಯಾಳ.’

“ಅವರು ನಕ್ಕಿದ್ದಕ್ಕ ನಾ ಹೂಂ ಬಿಟ್ಟದ್ದಲ್ಲ ಚಿಗವ್ವ. ಅವತ್ತಿನಿಂದ ನೀ ಏನು ಹೇಳಿದ್ರೂ, ಇದರಾಗ ಎಮ್ಮಿ ಎಲ್ಲಿ ಐತಿ ಅಂತ ಹುಡುಕ್ತೀನಿ. ಊಟಾ ಮಾಡು ಅಂದ್ರೂ ಹುಡುಕ್ತೀನಿ. ಹೂಂ ಹೆಂಗ ಅನ್ಲಿ?”

ನಾನು ಅವಳಿಗೆ ಏಳು ವರ್ಷದ ಹಿಂದಿನ ಆ ಮೊದಲ ಸಂಜೆಯನ್ನು ಹೇಳಿದೆ. ಕಥೆ ಶುರುಮಾಡಿದೆ; ತಾಯಿ ಇಲ್ಲದ ಹುಡುಗಿಯವರೆಗೆ ಬಂದೆ; ಮುಂದಿನ ಶಬ್ದ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಪರದೆಯ ಕೆಳಗೆ ಎರಡು ಸಣ್ಣ ಪಾದ ಕಂಡವು. ಒಂದರ ಮೇಲೊಂದು ಇಟ್ಟುಕೊಂಡು ನಿಂತಿದ್ದವು. ಆ ಶಬ್ದ ಹೊರಗೆ ಬರಲಿಲ್ಲ. ಆಗ ರಮಜಾನಬಿಯ ಹಿತ್ತಲಲ್ಲಿ ಎಮ್ಮೆ ಒದರಿತು.

“ಎಮ್ಮಿ ಅಂದೆ. ಅದು ಒದರದಿದ್ರ ಏನಂತಿದ್ನೋ ನನಗೂ ಗೊತ್ತಿಲ್ಲ.”

ಸಿರಿ ಮೂಗು ಸೀಟಿದಳು. ಅದು ನಗುವೋ ಅಳುವೋ, ಈ ಊರಿನಲ್ಲಿ ಸುಗ್ಗಿಯ ದಿನ ಯಾರೂ ಹೇಳಲಾರರು.

“ಕಾಗಿ ಕೂಗಿದ್ರ ಛಲೋ ಇತ್ತು” ಅಂದಳು. “ಸೀರಿ ಉಟ್ಟ ಕಾಗಿ ನಂಬಬಹುದಿತ್ತು.”

ಹೂಂ ಮಾತ್ರ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಮೇ ೨೧

ಫಲಿತಾಂಶ ಬಂದಿದೆ. ಸಿರಿ ಫಸ್ಟ್ ಕ್ಲಾಸು. ಓಣಿಗೆಲ್ಲ ಪೇಡೆ ಹಂಚಿದೆ. ರಮಜಾನಬಿ ಎರಡು ತೆಗೆದುಕೊಂಡಳು: “ಒಂದು ನನಗ, ಒಂದು ನಮ್ಮ ಎಮ್ಮಿಗೆ.” ಸಿರಿ ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಿದ್ದಾಳೆ.

ಪೇಡೆಯ ಡಬ್ಬಿ ಖಾಲಿಯಾದ ಮೇಲೆ ಹತ್ತಿರ ಬಂದು ಕೂತಳು.

“ನಾ ಕರ್ಜಗಿಗೆ ಹೋಗ್ಲೇನು? ಅಪ್ಪ ನಿನ್ನ ಕೇಳು ಅಂದ. ನಿಮ್ಮ ಚಿಗವ್ವ ಹೂಂ ಅಂದ್ರ ನಂದೂ ಹೂಂ ಅಂದ.”

ಈ ಗಂಡಸಿಗೆ ಏನು ಹೇಳಲಿ! ನಾನು ಜನವರಿಯಿಂದ ಅವಳ ಬಾಯಿಂದ ಬರಲೆಂದು ಕಾಯುತ್ತಿದ್ದುದನ್ನು ಅವರು ನನ್ನ ಬಾಯಿಗೆ ಹಾಕಿ ಅಂಗಡಿಗೆ ಹೋಗಿಬಿಟ್ಟರು.

“ಇಲ್ಲಿಂದ ದಿನಾ ಹಾವೇರಿಗೆ ಹೋಗಿಬರಬಹುದಲ್ಲ ಯವ್ವ. ಬಸ್ಸದಾವ, ರೈಲ ಐತಿ” ಅಂದೆ.

“ಬರಬಹುದು.”

“ಮತ್ತ? ಇಲ್ಲಿ ಏನರ ಕಮ್ಮಿ ಆತೇನು?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಗೋಡೆಯ ಮೇಲಿನ ಅಕ್ಕನ ಫೋಟೋದ ಕಡೆ ನೋಡಿ, ಮೆಲ್ಲಗೆ, ಒಂದೊಂದೇ ಮಾತು ಆರಿಸಿಕೊಂಡು ಹೇಳಿದಳು:

“ಆಯಿ ಮನಿಯೊಳಗ ಅವ್ವ ಮಕ್ಕೊಳ್ತಿದ್ದ ಕ್ವಾಣಿ ಐತಿ. ಗ್ವಾಡಿ ಮ್ಯಾಲೆ ಆಕಿ ಸಣ್ಣಾಕಿ ಇದ್ದಾಗ ಬರದದ್ದು ಇನ್ನೂ ಐತಿ. ನನಗ ಆಕಿ ಮುಖಾನ ನೆನಪಾಗವಲ್ದು ಚಿಗವ್ವ. ಫೋಟೋದ್ದು ಅಷ್ಟ ನೆನಪಾಗ್ತೈತಿ. ಎರಡು ವರ್ಷ ಅಲ್ಲಿದ್ರ... ಏನರ ಸಿಕ್ಕೀತು ಅನಸ್ತೈತಿ.”

ಅಟ್ಟ ಹತ್ತಿದ ಆ ಹುಡುಗಿ ಕಣ್ಣ ಮುಂದೆ ಬಂದಳು. ಸಪ್ಪಳವಾಗದಂತೆ ಬೆರಳಾಡಿಸಿದವಳು. ಆ ಪುಸ್ತಕ ಓದುವಾಗ ನನಗೆ ಅವಳ ಮೇಲೆ ಎಷ್ಟು ಜೀವ ಹೋಗಿತ್ತು! ಕೆಳಗೆ ನಿಂತು ಏಣಿ ಹಿಡಿಯುವವರು ಯಾರೂ ಇಲ್ಲವಲ್ಲ ಎಂದು ಕೊರಗಿದ್ದೆ.

ಬ್ಯಾಡ ಎಂಬ ಶಬ್ದ ನಾಲಿಗೆಯ ತುದಿಯಲ್ಲಿತ್ತು. ಹಿತ್ತಲಲ್ಲಿ ಎಮ್ಮೆ ಸಹ ಒದರಲಿಲ್ಲ.

“ಹೂಂ” ಅಂದೆ.

ಮೇ ೨೨

ಅಂದದ್ದೇಕೆ?

ಜೂನ್ ೧೧

ನಮ್ಮ ಹುಡುಗಿ ಹೋದಳು. ಅವಳ ಸೋದರಮಾವ ಬಂದು ಕರೆದುಕೊಂಡು ಹೋದರು. ಟ್ರಂಕಿನಲ್ಲಿ ಅರ್ಧ ಬಟ್ಟೆ, ಅರ್ಧ ಪುಸ್ತಕ. ಒಂದು ಡಬ್ಬಿ ಖಾರಪುಡಿ ಇಟ್ಟೆ. ‘ಆಯಿ ಮನಿಯೊಳಗ ಖಾರಪುಡಿ ಇಲ್ಲೇನು?’ ಎಂದಳು. ಇದ್ದರೂ ಅದು ಈ ಮನೆಯದಲ್ಲ, ಇರಲಿ ಅಂದೆ.

ಬಸ್ಸು ಬಂದಾಗ ನನಗೆ ವಿಚಿತ್ರ ಆಸೆಯೊಂದು ಹುಟ್ಟಿತು. ಅವಳನ್ನು ತಡೆಯಬೇಕೆಂದಲ್ಲ. ನಾನೂ ಹತ್ತಿ ಅವಳ ಪಕ್ಕ ಕೂತು, ಎದೆಗೆ ಪುಸ್ತಕ ಅವುಚಿಕೊಂಡು, ಹದಿನಾರರವಳಾಗಿ ಹೋಗಿಬಿಡಬೇಕೆಂದು. ಕಂಡಕ್ಟರ್ ಸೀಟಿ ಊದಿದ. ಅವಳು ಕಿಟಕಿಯಿಂದ ಕೈ ಚಾಚಿದಳು. ಹಿಡಿಯುವಷ್ಟರಲ್ಲಿ ಬಸ್ಸು ಹೊರಟಿತು. ಆ ಬಸ್ಸು ಮತ್ತೆ ನನ್ನನ್ನು ಬಿಟ್ಟು ಹೋಯಿತು. ಆದರೆ ಈ ಸಲ ಖಾಲಿ ಹೋಗಲಿಲ್ಲ.

ಸಂಜೆ ಇವರು ಬಂದು, ಎಲ್ಲಿದ್ದೀ ಎಂದು ಕೂಗಿದರು. ನಾನು ಅವಳ ಕೋಣೆಯಲ್ಲಿದ್ದೆ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದೆ. ಇವರು ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು, ಏನೂ ಅನ್ನದೆ ತಾವೇ ಚಹ ಮಾಡಿಕೊಂಡರು. ನನಗೂ ಒಂದು ಬಟ್ಟಲು ಬಾಗಿಲ ಹತ್ತಿರ ಇಟ್ಟರು.

ಜೂನ್ ೨೦

ಮೆಣಸಿನಕಾಯಿಯ ಕೆಲಸ ಮುಗಿಯುತ್ತ ಬಂತು. ಬೆರಳ ಬಣ್ಣ ಬಿಡುತ್ತಿದೆ. ಈಗ ಪುಸ್ತಕ ಓದಿದರೂ ಯಾರೂ ಸೀನುವುದಿಲ್ಲ.

ಜುಲೈ ೨

ಭಾನುವಾರ. ರಮಜಾನಬಿ ಗೋಡೆಯ ಮೇಲಿಂದ ಕೂಗಿದಳು, “ಏ ನೀಲವ್ವ, ಕರ್ಜಗಿ ಫೋನು!” ಕೈಯಲ್ಲಿದ್ದ ರೊಟ್ಟಿಹಿಟ್ಟಿನ ಸಮೇತ ಅವಳ ಮನೆಗೆ ಓಡಿದೆ.

“ಚಿಗವ್ವ, ನಾ ರೂಪಾಯಿ ಹಾಕೋ ಡಬ್ಬಿ ಫೋನಿನಿಂದ ಮಾತಾಡಾಕತ್ತೇನಿ. ಆರಾಮದೀ? ಅಪ್ಪ ಆರಾಮದಾನ?”

ಕೋಣೆಯ ಬಗ್ಗೆ ಕೇಳಿದೆ. ಗೋಡೆಯ ಮೇಲೆ ಅಕ್ಕ ಬರೆದದ್ದು ಸಿಕ್ಕಿತಂತೆ. ಒಂದು ನವಿಲು, ಅದಕ್ಕೆ ಐದು ಕಾಲು. “ನಿನ್ನ ಎಮ್ಮಿಗಿಂತಾ ಹೆಚ್ಚಿಂದು” ಎಂದು ನಕ್ಕಳು. ಆಮೇಲೆ, ಮಾವನ ಮಕ್ಕಳಿಗೆ ಆಯಿ ಖರೇ ಕಥೆ ಹೇಳಿದರೂ ಅವರಿಗೆ ಸೇರುತ್ತಿಲ್ಲವಂತೆ. ಬಳೆ ಇಡಿಸಿಕೊಂಡ ಎಮ್ಮೆಯದೇ ಬೇಕೆಂದು ಹಟ ಹಿಡಿಯುತ್ತಾರಂತೆ. “ಈಗ ಆಯಿನೂ ಎಮ್ಮಿ ಅಂತಾರ ಚಿಗವ್ವ. ಮಾರಿ ಗಂಟ ಹಾಕ್ಕೊಂಡು ಅಂತಾರ.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

“ಇದೀಯಿಲ್ಲೋ? ಕೇಳು, ಹಾವೇರಿ ಲೈಬ್ರರಿಯೊಳಗ ಒಂದು ಕಾದಂಬರಿ ಸಿಕ್ಕೈತಿ. ಹೇಳ್ತೀನಿ. ಆದ್ರ ನೀ ಹೂಂ ಅನ್ಕೋತ ಇರಬೇಕು, ಇಲ್ಲಾಂದ್ರ ಲೈನು ಕಟ್ಟಾಗೇತಿ ಅಂತ ತಿಳೀತೀನಿ. ಒಂದೂರಾಗ ಒಬ್ಬಾಕಿ ಹುಡುಗಿ ಇರ್ತಾಳ.”

“ಹೂಂ.”

“ಆಕಿ ಮನಿಯೊಳಗ ಯಾರಿಗೂ ಹೇಳದ ರೈಲ್ವೆ ಸ್ಟೇಶನ್ನಿಗೆ ಬರ್ತಾಳ.”

“ಹೂಂ.”

“ಅಲ್ಲಿ ಒಬ್ಬಾಕಿ ಹೆಂಗಸು ಕುಂತಿರ್ತಾಳ. ಗುರ್ತಿಲ್ಲ, ಪರಿಚಯಿಲ್ಲ. ಈ ಹುಡುಗೀಗೆ ಕೇಳ್ತಾಳ...”

“ಹೂಂ” ಅಂದೆ. ಕಾದೆ. ಮತ್ತೆ ಹೂಂ ಅಂದೆ. ಆ ಹೆಂಗಸು ಏನು ಕೇಳುತ್ತಾಳೋ ಎಂದು ಫೋನನ್ನು ಕಿವಿಗೆ ಒತ್ತಿಹಿಡಿದು ಇನ್ನೊಮ್ಮೆ, ಮತ್ತೊಮ್ಮೆ ಹೂಂ ಅಂದೆ.

ರಮಜಾನಬಿ ನನ್ನ ಭುಜ ಮುಟ್ಟಿದಳು. “ಯಾರಿಗೆ ಹೂಂ ಅನ್ನಾಕತ್ತೀ? ಅದು ಆಗಲೇ ಕಟ್ಟಾಗೇತಿ.”

ಅವಳ ಫೋನಿಗೆಲ್ಲ ಜೋಳದ ಹಿಟ್ಟು. ಸೆರಗಿನಿಂದ ಒರೆಸಿಕೊಟ್ಟೆ.

ಜುಲೈ ೪

ಓದಿದ ಪುಸ್ತಕ ಕೊಡಲು ಗ್ರಂಥಾಲಯಕ್ಕೆ ಹೋಗಿದ್ದೆ. ಸ್ಟೇಶನ್ನಿನ ಹುಡುಗಿಯ ಕಾದಂಬರಿ ಕೇಳಿದೆ. ಹೆಸರು ಗೊತ್ತಿರಲಿಲ್ಲ, ಅಲ್ಲಿಯವರೆಗಿನ ಕಥೆ ಹೇಳಿದೆ. ಶಮಶೇರಸಾಬರು ಸ್ವಲ್ಪ ಯೋಚಿಸಿ, ಕಪಾಟಿನ ಕೆಳಗಿನ ಸಾಲಿನಿಂದ ತೆಗೆದು ನನ್ನ ಮುಂದೆ ಇಟ್ಟರು.

“ಇದ ನೋಡ್ರಿ. ಆ ಹೆಂಗಸು ಏನು ಕೇಳ್ತಾಳ ಅನ್ನೂದು ನಡುವ ಬರ್ತೈತಿ. ಛಲೋ ಐತಿ.”

ಕೈಗೆ ತೆಗೆದುಕೊಂಡೆ. ದಪ್ಪನೆಯ ಪುಸ್ತಕ. ನಡುವಿನ ಪುಟಕ್ಕೆ ಹೆಬ್ಬೆರಳು ತಾನಾಗಿ ಹೋಯಿತು. ಬೆರಳಲ್ಲಿ ಈಗ ಬಣ್ಣವಿಲ್ಲ, ಗುರುತು ಬೀಳುತ್ತಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮುಚ್ಚಿ ಅವರಿಗೇ ಕೊಟ್ಟೆ.

“ಯಾಕ್ರಿ? ಬ್ಯಾಡೇನು?”

“ಭಾನುವಾರದ ಮಟ ತಡೀರಿ ಸಾಬ್ರ” ಅಂದೆ. “ನನ್ನ ಮಗಳು ಹೇಳ್ತಾಳ.”